ಜೋಡಿ ಏಣಿ, ಎರಡು ಮಾತ್ರೆ

"ಬೇರೆ ಯಾವ್ದಾದ್ರೂ ಮಾತ್ರೆ ತಗೋತಿದ್ದೀರಾ?"

ಮೆಡಿಕಲ್ ಶಾಪಿನ ಗಾಜಿನ ಕೌಂಟರಿನ ಆಚೆ ನಿಂತಿದ್ದವನು ತಲೆ ಎತ್ತದೆಯೇ ಕೇಳಿದ. ದಿನಕ್ಕೆ ನೂರು ಜನರನ್ನು ಕೇಳುವ ಪ್ರಶ್ನೆ. ಅವನಿಗೆ ಅದು ಕೆಮ್ಮಿದಷ್ಟೇ ಸಹಜ.

ಆದರೆ ಅವಳ ಎದೆ ಧಸಕ್ಕೆಂದಿತು!

'ಹೇಳಲಾ...? ಹೌದು, ಎರಡು ಮಾತ್ರೆ ಅಂತ ಹೇಳಿಬಿಡಲಾ...?'

ಅಷ್ಟರಲ್ಲಿ ಅವನು ತಲೆ ಎತ್ತಿದ. ಅವಳ ಮೂಗಿನ ತುದಿಯಲ್ಲಿ ಅಂಟಿದ್ದ ನೀಲಿ ಬಣ್ಣದ ಚುಕ್ಕೆಯನ್ನು ನೋಡಿದ. ನೋಡಿ ನಕ್ಕುಬಿಟ್ಟ. ಗೇಲಿಯ ನಗುವಲ್ಲ. ಎಷ್ಟೋ ದಿನದ ಪರಿಚಯದವರನ್ನು ಕಂಡಾಗ ಬರುತ್ತದಲ್ಲ, ಅಂಥದ್ದು.

ಆ ನಗುವೇ ಅವಳನ್ನು ಕೆಡಿಸಿತು.

"ಇಲ್ಲ," ಅಂದಳು. "ಯಾವ್ದೂ ಇಲ್ಲ."

"ಸರಿ. ಭುಜದ ನೋವಿಗೆ ಇದು. ಬೆಳಗ್ಗೆ ಒಂದು, ಸಂಜೆ ಒಂದು, ಊಟ ಆದ್ಮೇಲೆ. ಐದು ದಿನ, ಅಷ್ಟೇ. ಆಮೇಲೆ ಬೇಡ." ಅವನು ಪೆನ್ನು ತೆಗೆದು ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಒಂದು ಪುಟ್ಟ ಸೂರ್ಯ, ಒಂದು ಪುಟ್ಟ ಚಂದ್ರ ಬರೆದುಕೊಟ್ಟ. "ಮರೀಬಾರ್ದಲ್ಲ, ಅದಕ್ಕೆ."

ಅವಳು ಆ ಪಟ್ಟಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ರಸ್ತೆ ದಾಟಿದಳು. ಒಂದು ಸಣ್ಣ ಸುಳ್ಳು... ಅದರಿಂದ ಯಾರಿಗೇನಾಗುತ್ತೆ ಅಂದುಕೊಂಡಳು.

ಪಾಪ! ಯಾರಿಗೇನಾಗುತ್ತೆ ಅಂತ ಅವಳಿಗೆ ಗೊತ್ತಿದ್ದಿದ್ದರೆ...

---

ಅವಳ ಕೆಲಸ ಗೋಡೆಗಳ ಮೇಲೆ ಅಕ್ಷರ ಬರೆಯುವುದು. ಅಂಗಡಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು 'ಬೋರ್ಡಮ್ಮ' ಅಂತ. ವಯಸ್ಸು ಇಪ್ಪತ್ತೇಳು, ಹೆಸರು ಮಾತ್ರ ಅಜ್ಜಿಯದ್ದು! ಮೆಡಿಕಲ್ ಶಾಪಿನ ಎದುರಿಗೇ ಹೊಸದೊಂದು ಫರ್ನಿಚರ್ ಅಂಗಡಿ ತೆರೆಯುತ್ತಿತ್ತು. ಅದರ ಉದ್ದನೆಯ ಪಕ್ಕದ ಗೋಡೆ ಈಗ ಅವಳದ್ದು. ಆರು ಪದ, ಆಳೆತ್ತರದ ಅಕ್ಷರ. ಮಂಚ, ಮೇಜು, ಕುರ್ಚಿ, ಬೀರು, ಕನ್ನಡಿ, ತೊಟ್ಟಿಲು. ಒಂದೊಂದು ಪದಕ್ಕೆ ಎರಡು ದಿನ. 'ಮಂಚ' ಮುಗಿಯುವಷ್ಟರಲ್ಲೇ ಭುಜ ಹಿಡಿದುಕೊಂಡಿತ್ತು.

ಇನ್ನು ಆ ಎರಡು ಮಾತ್ರೆಗಳ ವಿಷಯ.

ನಾಲ್ಕು ವರ್ಷದ ಹಿಂದೆ ಅವಳಿಗೆ ಬೈಪೋಲಾರ್ ಅಂತ ಗೊತ್ತಾಯಿತು. ಮನಸ್ಸು ಒಮ್ಮೆ ಮುಗಿಲಿಗೆ ಹಾರುತ್ತದೆ, ಇನ್ನೊಮ್ಮೆ ಪಾತಾಳಕ್ಕೆ ಬೀಳುತ್ತದೆ. ಮೊದಲು ಬರೀ ಲಿಥಿಯಂ ಕೊಟ್ಟರು. ಅದು ಮನಸ್ಸನ್ನು ಸಮತೋಲದಲ್ಲಿ ಇಡುವ ಮಾತ್ರೆ. ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಒಂದು ವಾರ ಅವಳು ನಿದ್ದೆಯೇ ಮಾಡಲಿಲ್ಲ. ಬೀದಿಯಲ್ಲಿ ಕಂಡ ಕಂಡವರ ಗೇಟಿಗೆಲ್ಲ ಬಣ್ಣ ಬಳಿದಳು. ಗೋಡೆಯ ಅಕ್ಷರಗಳು ತನ್ನ ಜೊತೆ ಮಾತಾಡುತ್ತಿವೆ ಅಂದಳು. ಅವಳ ಅಕ್ಕನೇ ಕೈ ಹಿಡಿದು ಎಳೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು.

ಆಗ ಡಾಕ್ಟರಮ್ಮ ಇನ್ನೊಂದು ಮಾತ್ರೆ ಸೇರಿಸಿದರು. ಕ್ವೆಟಿಯಾಪಿನ್. ಇಲ್ಲದ್ದನ್ನು ಕಾಣಿಸುವ, ಕೇಳಿಸುವ ಬಿರುಗಾಳಿಯನ್ನು ತಡೆಯುವ ಮಾತ್ರೆ.

"ಎರಡೆರಡು ಯಾಕೆ ಡಾಕ್ಟ್ರೇ?" ಅಂತ ಅವಳು ಅತ್ತಿದ್ದಳು.

"ನೀನು ಜೋಡಿ ಏಣಿ ಹತ್ತೋಳು, ಎರಡೂ ಬದಿಗೆ ಮೆಟ್ಟಿಲಿರೋದು. ಒಂದು ಬದಿ ಮಡಚಿ ಇಟ್ಟು ಹತ್ತಿ ನೋಡು, ಗೊತ್ತಾಗುತ್ತೆ. ಎಲ್ಲರಿಗೂ ಎರಡು ಬೇಕಾಗಲ್ಲ ಮರೀ. ನಿನಗೆ ಬೇಕು."

ಹೌದು, ಬೇಕಿತ್ತು. ಎರಡೂ ಸೇರಿ ಮೂರು ವರ್ಷ ಅವಳನ್ನು ನೆಲದ ಮೇಲೆ ನಿಲ್ಲಿಸಿದ್ದವು. ಸ್ವಲ್ಪ ಕೈ ನಡುಗುತ್ತಿತ್ತು, ಬಾಯಾರಿಕೆ ಜಾಸ್ತಿ. ಅಷ್ಟೇ.

ಆದರೆ ಹೋದ ವರ್ಷ ಅವಳಿಗೆ ನಿಶ್ಚಯವಾಗಿದ್ದ ಹುಡುಗ ಅವಳ ಬ್ಯಾಗಿನಲ್ಲಿ ಆ ಮಾತ್ರೆಗಳನ್ನು ನೋಡಿಬಿಟ್ಟ. ಮೊಬೈಲಿನಲ್ಲಿ ಹೆಸರು ಹುಡುಕಿದ. "ಹುಚ್ಚಿನ ಮಾತ್ರೆ ತಿನ್ನೋಳನ್ನ ನನ್ನ ತಲೆಗೆ ಕಟ್ಟೋಕೆ ಹೊರಟಿದ್ರಾ?" ಅಂದ. ಅಲ್ಲಿಗೆ ಮುಗಿಯಿತು.

ಅವತ್ತಿನಿಂದ ಅವಳು ಮಾತ್ರೆಗಳನ್ನು ಎರಡು ಬಸ್ಸು ಬದಲಿಸಿ ದೂರದ ಅಂಗಡಿಯಿಂದ ತರುತ್ತಾಳೆ. ಬಣ್ಣದ ಖಾಲಿ ಡಬ್ಬಿಯಲ್ಲಿ ಬಚ್ಚಿಡುತ್ತಾಳೆ. ಯಾರು ಕೇಳಿದರೂ ಒಂದೇ ಉತ್ತರ.

ಇಲ್ಲ.

---

ಮಾರನೇ ದಿನ ಮಧ್ಯಾಹ್ನ ಏಣಿಯ ಕೆಳಗಿನಿಂದ ದನಿ ಬಂತು.

"ಬೋರ್ಡಮ್ಮ ಅವರೇ... ಸೂರ್ಯ ನುಂಗಿದ್ರಾ?"

ಊಟದ ಡಬ್ಬಿ ಹಿಡಿದು ಮೆಡಿಕಲ್ ಶಾಪಿನವನು ನಿಂತಿದ್ದ!

"ನುಂಗಿದೆ ಗುಳಿಗೆ ಸಾಹೇಬ್ರೇ! ಚಂದ್ರ ಸಂಜೆಗೆ."

"ಗುಳಿಗೆ ಸಾಹೇಬ್ರಾ?! ನನ್ನ ಅಜ್ಜಿ ಸತ್ತ ಮೇಲೆ ಆ ಪದ ಕೇಳಿರ್ಲಿಲ್ಲ ರೀ!"

"ನನ್ನನ್ನ ಬೋರ್ಡಮ್ಮ ಅಂದ್ರೆ ನಾನೂ ಅಜ್ಜಿ ಥರಾನೇ ಮಾತಾಡೋದು."

ಹೀಗೆ ಶುರುವಾಯಿತು. ದಿನಾ ಅವನು ಏಣಿಯ ಕೆಳಗಿನ ನೆರಳಲ್ಲಿ ಕೂತು ಊಟ ಮಾಡುತ್ತಿದ್ದ. ಅವಳು ಮುಂಗೈ ಅಲುಗದಿರಲೆಂದು ಊರಿಕೊಳ್ಳುವ ಕೋಲನ್ನು ಕೆಳಗಿಟ್ಟು ಇಳಿದು ಬರುತ್ತಿದ್ದಳು. ಒಂದು ಬಾಟಲಿ ನೀರು ಗಟಗಟ ಕುಡಿಯುತ್ತಿದ್ದಳು.

"ಹೋದ ಜನ್ಮದಲ್ಲಿ ಒಂಟೆ ಆಗಿದ್ರಾ?"

"ನಿಮ್ಮ ಬೆನ್ನು ನೋಡಿದ್ರೆ ನಾವಿಬ್ರೂ ಒಂದೇ ಹಿಂಡಿನವರು ಅನ್ಸುತ್ತೆ!"

ಅವನು ಬಿದ್ದು ಬಿದ್ದು ನಗುತ್ತಿದ್ದ. ಅವಳ ಬೆರಳು ಸಣ್ಣಗೆ ಕಂಪಿಸುವುದು ಅವನಿಗೆ ಕಂಡಿತ್ತು. ನೀರಿಗಾಗಿ ಹಾತೊರೆಯುವುದೂ ಕಂಡಿತ್ತು. ಎರಡನ್ನೂ ಒಂದಕ್ಕೊಂದು ಕೂಡಿಸಿದ್ದರೆ... ಕೂಡಿಸಲಿಲ್ಲ. ಬೇರೆ ಯಾರೇ ಆಗಿದ್ದರೂ ಔಷಧ ಕೊಡುವವನ ಕಣ್ಣಲ್ಲಿ ನೋಡುತ್ತಿದ್ದ. ಅವಳನ್ನು ನೋಡುವಾಗ ಆ ಕಣ್ಣು ಮುಚ್ಚಿಯೇ ಹೋಗುತ್ತಿತ್ತು.

ನೀವು ಹೋಗಿ ನೀನು ಬಂತು.

ಐದು ದಿನ ಮುಗಿದರೂ ಭುಜದ ನೋವು ಪೂರ್ತಿ ಹೋಗಿರಲಿಲ್ಲ. ಇನ್ನೂ ಎರಡು ಪದ ಬಾಕಿ ಇದ್ದವು. "ಇನ್ನೊಂದು ಪಟ್ಟಿ ಕೊಡ್ತೀಯಾ?" ಅಂತ ಅವಳು ಕೇಳಿದಳು. ಐದು ದಿನದ ಮೇಲೆ ಬೇಡ ಅಂದಿದ್ದವನು ಅವನೇ. ಒಂದು ಕ್ಷಣ ತಡೆದ.

ಅವಳು ನಕ್ಕಳು. ಅವನು ಕೊಟ್ಟ. ಈ ಸಲ ಸೂರ್ಯನಿಗೆ ಕಣ್ಣು ಮೂಗು ಬರೆದ, ಚಂದ್ರನಿಗೆ ನಾಚಿಕೆ ಬರೆದ.

ಅವಳು ಅದನ್ನು ರವಿಕೆಯೊಳಗೆ ಎದೆಗಾನಿಸಿ ಇಟ್ಟುಕೊಂಡಳು.

---

ಎಲ್ಲೋ ಏನೋ ತಪ್ಪುತ್ತಿತ್ತು.

ಮೊದಲು ಕೈ. ಸಣ್ಣ ಕಂಪನ ಇದ್ದದ್ದು ದೊಡ್ಡದಾಯಿತು. ಕೋಲು ಊರಿದರೂ ಕುಂಚ ನಿಲ್ಲುತ್ತಿರಲಿಲ್ಲ. ಆಮೇಲೆ ಹೊಟ್ಟೆ ತೊಳಸು. ತಿಂದದ್ದು ನಿಲ್ಲುತ್ತಿರಲಿಲ್ಲ. ನಡೆಯುವಾಗ ನೆಲ ಒಂದು ಬದಿಗೆ ವಾಲಿದಂತೆ... ನಾಲಿಗೆ ಬಾಯಿಯೊಳಗೆ ದಪ್ಪಗಾದಂತೆ...

'ಮತ್ತೆ ಬರ್ತಿದೆಯಾ? ಅದೇ ಮತ್ತೆ ಬರ್ತಿದೆಯಾ...?'

ಆ ಯೋಚನೆಗೇ ಅವಳ ಬೆನ್ನಿನ ಮೇಲೆ ತಣ್ಣನೆಯ ಬೆವರಿಳಿಯಿತು.

ಅಕ್ಕನ ಕಣ್ಣು ತಪ್ಪಿಸಲು ಆಗುತ್ತದಾ? ಊಟಕ್ಕೆ ಕೂತಾಗ ತಂಗಿಯ ಕೈಯಿಂದ ಲೋಟ ಜಾರಿ ಬಿತ್ತು. ಅಕ್ಕ ನೆಲ ಒರೆಸಿದಳು. ಒರೆಸಿ, ಮಾತ್ರೆ ಬಚ್ಚಿಟ್ಟಿದ್ದ ಬಣ್ಣದ ಡಬ್ಬಿ ತಂದು ಎದುರಿಗೆ ಇಟ್ಟಳು.

"ಪುಟ್ಟೀ... ನಿಜ ಹೇಳು. ಮಾತ್ರೆ ಬಿಟ್ಟಿದ್ದೀಯಾ?"

"ಇಲ್ಲ ಅಕ್ಕಾ! ಒಂದು ದಿನಾನೂ ಬಿಟ್ಟಿಲ್ಲ!"

"ಹೋದ ವರ್ಷ ಸಂಬಂಧ ಮುರಿದಾಗ್ಲೂ ಹೀಗೇ ಅಂದು ಎರಡು ದಿನ ಬಿಟ್ಟಿದ್ದೆ."

"ಹೋದ ಸಲ ಬೇರೆ! ಈ ಸಲ ಆಣೆ ಮಾಡ್ತೀನಿ..."

"ಆಣೆ ಬೇಡ. ನನ್ನ ಮುಂದೆ ನುಂಗು."

ನುಂಗಿದಳು. ಎರಡನ್ನೂ.

"ಬಾಯಿ ತೆರಿ."

ಇಪ್ಪತ್ತೇಳು ವರ್ಷದ ಹೆಣ್ಣು, ಮಗುವಿನಂತೆ ಬಾಯಿ ತೆರೆದು ತೋರಿಸಿದಳು. ಕಣ್ಣಂಚಿನಲ್ಲಿ ನೀರು. ಅಕ್ಕನ ಕಣ್ಣಲ್ಲೂ ನೀರಿತ್ತು, ಪ್ರೀತಿಯದ್ದೇ. ಆದರೂ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ... ಅವಳು ಎಷ್ಟು ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಅಷ್ಟು ಬೇಗ ಮುಳುಗುತ್ತಿದ್ದಳು. ಸೂರ್ಯ ಚಂದ್ರರು ಎದೆಯ ಹತ್ತಿರವೇ ಬೆಚ್ಚಗೆ ಕೂತಿದ್ದರು!

"ನಾಡಿದ್ದು ಡಾಕ್ಟರಮ್ಮನ ಹತ್ರ ಹೋಗೋಣ," ಅಂದಳು ಅಕ್ಕ.

"ಗೋಡೆ ಮುಗಿಲಿ ಅಕ್ಕಾ... ಎರಡೇ ಪದ."

---

"ಏನಮ್ಮಾ ಇದು? ನನ್ನ ಬೀರು ಯಾಕೆ ಹೀಗೆ ಬಳುಕ್ತಿದೆ? ಡ್ಯಾನ್ಸ್ ಕ್ಲಾಸಿಗೆ ಸೇರ್ಸಿದ್ದೀಯಾ?"

ಫರ್ನಿಚರ್ ಅಂಗಡಿಯ ಮಾಲೀಕ ರಸ್ತೆ ಮಧ್ಯದಲ್ಲಿ ನಿಂತು ಕಿರುಚುತ್ತಿದ್ದ. ಟೀ ಅಂಗಡಿಯವರು, ಚಪ್ಪಲಿ ಅಂಗಡಿಯವರು ಎಲ್ಲ ಹೊರಗೆ ಬಂದು ನೋಡತೊಡಗಿದರು.

ಅವಳು ಏನೋ ಹೇಳಲು ಹೋದಳು. ಮಾತು ತೊದಲಿತು. ಹೆಜ್ಜೆ ಇಡಲು ಹೋಗಿ ಗೋಡೆ ಹಿಡಿದುಕೊಂಡಳು.

"ಓಹೋ... ಬೆಳ್ಳಂಬೆಳಗ್ಗೇನೇ ಏರಿಸ್ಕೊಂಡು ಬಂದಿದ್ದಾಳೆ!" ಯಾರೋ ಅಂದರು. ಯಾರೋ ನಕ್ಕರು.

ಮೆಡಿಕಲ್ ಶಾಪಿನವನು ಗುಂಪು ಸರಿಸಿಕೊಂಡು ಬಂದು ಅವಳನ್ನು ಪಕ್ಕಕ್ಕೆ ಕರೆದ. ಅವನ ಮುಖ ಬಿಳುಚಿತ್ತು.

"ಏನಾಗ್ತಿದೆ ನಿನಗೆ? ನಾಲ್ಕು ದಿನದಿಂದ ನೋಡ್ತಿದ್ದೀನಿ. ಕೈ, ನಡಿಗೆ, ಮಾತು... ನೀನು... ಕುಡಿತೀಯಾ?"

ಅವಳು ಅವನನ್ನೇ ನೋಡಿದಳು. ಊರೆಲ್ಲ ಅಂದರೆ ಅನ್ನಲಿ. ಇವನೂ...?

ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಳೆಯ ದನಿಯೊಂದು ಕಿವಿಯಲ್ಲಿ ಅಪ್ಪಳಿಸಿತು. ಹುಚ್ಚಿನ ಮಾತ್ರೆ... ಹುಚ್ಚಿನ ಮಾತ್ರೆ ತಿನ್ನೋಳು...

'ಕುಡುಕಿ ಅಂದ್ಕೊಂಡ್ರೆ ಬೈದು ಮರೀತಾನೆ. ಇನ್ನೊಂದು ಗೊತ್ತಾದ್ರೆ ಕರುಣೆ ತೋರಿಸಿ ಓಡಿಹೋಗ್ತಾನೆ.'

"ಹೌದು!" ಅಂದಳು. "ಕುಡಿತೀನಿ! ಸಾಕಾ? ಹೋಗು ಈಗ!"

ಅವನು ಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ.

---

ಮಾರನೇ ಮಧ್ಯಾಹ್ನ ಅವನು ಊಟದ ಡಬ್ಬಿ ತೆರೆಯಲಿಲ್ಲ. ಕೌಂಟರಿನ ಹಿಂದೆಯೇ ಕೂತಿದ್ದ. ನೋಡಬಾರದು ಅಂದುಕೊಂಡರೂ ಕಣ್ಣು ರಸ್ತೆ ದಾಟಿ ಹೋಗುತ್ತಿತ್ತು.

ಬಿಸಿಲು ಕೊತಕೊತ. ಜೋಡಿ ಏಣಿಯ ತುದಿಯಲ್ಲಿ ಅವಳು. ಕೆಳಗೆ ಯಾರೂ ಇಲ್ಲ.

ಅವನ ಕಣ್ಣು ಗೋಡೆಯ ಮೇಲೆ ಎಡದಿಂದ ಬಲಕ್ಕೆ ಸರಿಯಿತು.

ಮಂಚ. ಅಂಚು ಅಂದರೆ ಅಂಚು, ದಾರ ಹಿಡಿದು ಎಳೆದ ಹಾಗೆ.

ಮೇಜು. ಅದೂ ಸರಿ, ಕೊನೆಯ ಕೊಂಬಿನಲ್ಲಿ ಮಾತ್ರ ಕೂದಲೆಳೆಯಷ್ಟು ನಡುಕ.

ಕುರ್ಚಿ. ದುಂಡಗಿನ ತಿರುವಿನಲ್ಲಿ ಏನೋ ಒಂದು ಸಣ್ಣ ಅಲೆ.

ಬೀರು. ಅಲೆ ದೊಡ್ಡದು.

ಕನ್ನಡಿ. ಅಕ್ಷರವೇ ಅಲ್ಲ, ಭೂಕಂಪ!

ಕುಡುಕರ ಕೈ ಒಂದು ದಿನ ನಡುಗುತ್ತದೆ, ಇನ್ನೊಂದು ದಿನ ನೆಟ್ಟಗಿರುತ್ತದೆ. ಇದು ಹಾಗಿಲ್ಲವಲ್ಲ... ಮೆಟ್ಟಿಲು ಮೆಟ್ಟಿಲಾಗಿ ಏರಿದೆಯಲ್ಲ! ದಿನಾ ಸ್ವಲ್ಪ ಸ್ವಲ್ಪವೇ ಏನೋ ಒಳಗೆ ತುಂಬಿಕೊಳ್ಳುತ್ತಿರುವ ಹಾಗೆ...

ಯಾವತ್ತಿನಿಂದ?

'ಮೇಜು' ಬರೆಯುವಾಗಿನಿಂದ. ಅವತ್ತು ಏನಾಯಿತು? ಅವತ್ತು ಅವಳು ಮೊದಲ ಸಲ ಅಂಗಡಿಗೆ ಬಂದಳು. ಅವತ್ತು ಅವನು...

ಅವನು ಸೂರ್ಯ ಚಂದ್ರ ಬರೆದುಕೊಟ್ಟ.

ಅವನು ಎದ್ದು ನಿಂತ. ಅವಳ ಬೆರಳಿನ ಸಣ್ಣ ಕಂಪನ. ಒಂಟೆಯ ಹಾಗೆ ನೀರು. ಆ ನೋವಿನ ಮಾತ್ರೆಯ ಜೊತೆ ಯಾವುದನ್ನು ಕೊಡಲೇಬಾರದು? ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ. ನೋವಿನ ಮಾತ್ರೆ ಮೂತ್ರಪಿಂಡದ ಬಾಗಿಲು ಅರ್ಧ ಮುಚ್ಚುತ್ತದೆ. ಹೊರಗೆ ಹೋಗಬೇಕಾದದ್ದು ರಕ್ತದಲ್ಲೇ ಉಳಿಯುತ್ತದೆ. ದಿನದಿನಕ್ಕೂ ಏರುತ್ತದೆ. ಏರಿ ಏರಿ ವಿಷವಾಗುತ್ತದೆ.

ಲಿಥಿಯಂ!

ಕೌಂಟರಿನ ಮುಂದೆ ನಿಂತಿದ್ದ ಗಿರಾಕಿ ಕೂಗುತ್ತಲೇ ಇದ್ದ. ಅವನು ಕೌಂಟರ್ ಹಾರಿ ಓಡಿದ.

---

ಏಣಿಯ ಕೆಳಗೆ ಬಂದು ನಿಂತಾಗ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಕಿರುಚಿದರೆ ಅವಳು ಬೆಚ್ಚಿ ಬೀಳುತ್ತಾಳೆ. ಕಿರುಚಿದರೆ ಇಡೀ ರಸ್ತೆಗೆ ಆ ಮಾತ್ರೆಯ ಹೆಸರು ಕೇಳಿಸುತ್ತದೆ. ಟೀ ಅಂಗಡಿಯವನು ಆಗಲೇ ಕತ್ತು ಉದ್ದ ಮಾಡಿದ್ದ.

ಅವನು ಏಣಿಯ ಇನ್ನೊಂದು ಬದಿಯಿಂದ ಹತ್ತತೊಡಗಿದ.

ಎತ್ತರ ಅಂದರೆ ಅವನಿಗೆ ಸಾವಿನಷ್ಟು ಭಯ! ಮೇಲಿನ ಕಪಾಟಿನ ಡಬ್ಬಿ ತೆಗೆಯಲೂ ಬೇರೆಯವರನ್ನು ಕರೆಯುವವನು. ಒಂದೊಂದೇ ಮೆಟ್ಟಿಲು ಹತ್ತಿ, ಕಣ್ಣು ಮುಚ್ಚಿ ತೆರೆದು, ಅವಳ ಮುಖಕ್ಕೆ ಎದುರಾಗಿ ನಿಂತ. ನಡುವೆ ಏಣಿಯ ತುದಿ ಮಾತ್ರ.

"ಇ... ಇಳಿ... ಬೀಳ್ತೀಯ..." ಅವಳ ಮಾತು ಕರಗಿ ಕರಗಿ ಬರುತ್ತಿತ್ತು.

ಅವನು ಅವಳ ಕುಂಚ ಹಿಡಿದ ಕೈಯ ಮೇಲೆ ಕೈ ಇಟ್ಟ. ಪಿಸುದನಿಯಲ್ಲಿ, ಅವಳಿಗೆ ಮಾತ್ರ ಕೇಳುವಂತೆ ಕೇಳಿದ.

"ಒಂದೇ ಪ್ರಶ್ನೆ. ಈ ಸಲ ಸುಳ್ಳು ಹೇಳ್ಬೇಡ. ನೀನು ಕುಡಿಯಲ್ಲ. ಲಿಥಿಯಂ ತಗೋತಿದ್ದೀಯಾ?"

ಜಗತ್ತೇ ನಿಂತುಹೋಯಿತು.

ಓಡಿಹೋಗಬೇಕು ಅನ್ನಿಸಿತು. ಎಲ್ಲಿಗೆ ಓಡುತ್ತಾಳೆ? ಏಣಿಯ ತುದಿಯಲ್ಲಿದ್ದಾಳೆ! ಅವನ ಕಣ್ಣಲ್ಲಿ ಅಸಹ್ಯ ಹುಡುಕಿದಳು... ಕರುಣೆ ಹುಡುಕಿದಳು. ಅಲ್ಲಿದ್ದದ್ದು ಭಯ. ಅಪ್ಪಟ ಭಯ. ಅವಳನ್ನು ಕಳೆದುಕೊಳ್ಳುವ ಭಯ.

"ಹೂಂ," ಅಂದಳು. ಕೆನ್ನೆಯ ಮೇಲೆ ನೀರು ಹರಿಯಿತು. "ಎರಡು... ಎರಡು ಮಾತ್ರೆ... ಇನ್ನೊಂದೂ ಇದೆ..."

"ಇರ್ಲಿ. ಹತ್ತು ಇರ್ಲಿ. ನೋವಿನ ಮಾತ್ರೆ ನಾನು ಕೊಡಬಾರ್ದಿತ್ತು ಕಣೇ! ನನ್ನ ಕೈ ಹಿಡ್ಕೋ. ನೀನು ಒಂದು ಮೆಟ್ಟಿಲು, ನಾನು ಒಂದು ಮೆಟ್ಟಿಲು. ಒಟ್ಟಿಗೆ ಇಳಿಯೋಣ."

ಇಳಿದರು. ಕೊನೆಯ ಮೆಟ್ಟಿಲಲ್ಲಿ ಅವಳ ಕಾಲು ಸೋತಿತು. ಅವನು ಹಿಡಿದುಕೊಂಡ.

---

ಆಸ್ಪತ್ರೆಗೆ ಎದ್ದೆನೋ ಬಿದ್ದೆನೋ ಅಂತ ಬಂದ ಅಕ್ಕ ಬಾಗಿಲಲ್ಲಿ ಕೂತಿದ್ದವನನ್ನು ಕೇಳಿದಳು, "ನೀನು ಯಾರಪ್ಪಾ?"

"ಅವಳಿಗೆ ವಿಷ ಕೊಟ್ಟವನು," ಅಂದ ಅವನು. ಅಂದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಎರಡನೇ ಪಟ್ಟಿಯನ್ನೂ ಸೇರಿಸಿ.

ಅಕ್ಕನ ಕೈ ಅವನ ಕೆನ್ನೆಗೆ ಎದ್ದಿತ್ತು. ಅರ್ಧದಲ್ಲೇ ನಿಂತಿತು. ತಂಗಿಯ ಬಾಯಿ ತೆರೆಸಿ ತೆರೆಸಿ ನೋಡಿದ್ದು ನೆನಪಾಯಿತು. ಅದೇ ಕೈಯಿಂದ ಬಾಯಿ ಮುಚ್ಚಿಕೊಂಡು ಅವನ ಪಕ್ಕದಲ್ಲೇ ಕುಸಿದು ಕೂತಳು.

ಡಾಕ್ಟರಮ್ಮ ಹೊರಗೆ ಬಂದು ಹೇಳಿದರು, "ರಕ್ತದಲ್ಲಿ ಲಿಥಿಯಂ ತುಂಬಾ ಏರಿದೆ. ನಿಲ್ಲಿಸಿದ್ದೀವಿ. ಸಲೈನ್ ಹೋಗ್ತಿದೆ. ಇಳಿಯುತ್ತೆ. ಇನ್ನೆರಡು ದಿನ ತಡ ಆಗಿದ್ರೆ ನಾನು ಏನೂ ಹೇಳೋಕಾಗ್ತಿರ್ಲಿಲ್ಲ."

"ಮಾತ್ರೆ ನಿಲ್ಸಿದ್ರೆ... ಅದು ಮತ್ತೆ ಬರಲ್ವಾ ಡಾಕ್ಟ್ರೇ?" ಅಕ್ಕ ಕೇಳಿದಳು.

"ಇನ್ನೊಂದು ಮಾತ್ರೆ ಇದೆಯಲ್ಲ. ಅದು ಸದ್ಯಕ್ಕೆ ಹಿಡ್ಕೊಂಡಿರುತ್ತೆ. ರಕ್ತ ಸರಿಹೋದ್ಮೇಲೆ ಲಿಥಿಯಂ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡ್ತೀವಿ. ಆದ್ರೆ ಕಣ್ಣಿಟ್ಟಿರ್ಬೇಕು. ಈ ಕಾಯಿಲೆ ಬಾಗಿಲ ಹಿಂದೇನೇ ಕೂತಿರುತ್ತೆ."

ಮೂರನೇ ದಿನ ಅವಳಿಗೆ ಪೂರ್ತಿ ಎಚ್ಚರ ಬಂತು. ಬಾಗಿಲ ಕಡೆ ನೋಡಿದಳು. ಖಾಲಿ.

"ಬೆಳಗ್ಗೆವರೆಗೂ ಇಲ್ಲೇ ಇದ್ದ," ಅಂದಳು ಅಕ್ಕ. "ನೀನು ಕಣ್ಣು ಬಿಡ್ತೀಯ ಅಂತ ಡಾಕ್ಟರಮ್ಮ ಅಂದ ತಕ್ಷಣ ಎದ್ದು ಹೋದ."

'ಹೋದ... ಅವನೂ ಹೋದ.'

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

---

ಹನ್ನೆರಡು ದಿನ ಅವನು ಬರಲಿಲ್ಲ. ಹದಿಮೂರನೇ ದಿನ ಬೆಳಗ್ಗೆ ಅವಳು ಡಾಕ್ಟರಮ್ಮ ಬರೆದ ಮಾತ್ರೆ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಟಳು. ಎರಡು ಬಸ್ಸಿನ ದೂರದ ಅಂಗಡಿಗಲ್ಲ. ನೇರ ಅವನ ಅಂಗಡಿಗೆ! 'ಓಡಿಹೋಗೋದಿದ್ರೆ ನನ್ನ ಮುಖ ನೋಡಿ ಓಡಿಹೋಗ್ಲಿ.'

ಕೌಂಟರಿನ ಗಾಜಿಗೆ ಒಂದು ರಟ್ಟು ಅಂಟಿಸಿತ್ತು. 'ನೋವಿನ ಮಾತ್ರೆ ಕೇಳುವ ಮೊದಲು ನಿಮ್ಮ ಎಲ್ಲ ಮಾತ್ರೆಗಳ ಹೆಸರು ಹೇಳಿ. ಇಲ್ಲಿ ಯಾರೂ ನಗುವುದಿಲ್ಲ.'

"ಇದೇನು ಅಕ್ಷರಾನಾ? ಕಾಗೆ ಕಾಲು ಗುಬ್ಬಿ ಕಾಲು!"

ಅವನು ತಲೆ ಎತ್ತಿದ. ಗಡ್ಡ ಬೆಳೆದಿತ್ತು. ಕಣ್ಣು ಗುಳಿಬಿದ್ದಿತ್ತು. ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು.

"ಯಾಕೆ ಬರ್ಲಿಲ್ಲ?" ಅಂದಳು.

"ಯಾವ ಮುಖ ಇಟ್ಕೊಂಡು ಬರ್ಲಿ? ಕುಡಿತೀಯಾ ಅಂತ ಕೇಳ್ದೆ. ಅದಕ್ಕೂ ಮುಂಚೆ, ನೀನು ನಕ್ಕೆ ಅಂತ ಎರಡನೇ ಪಟ್ಟಿ ಕೊಟ್ಟೆ. ನನ್ನ ಕೈಯಾರೆ..."

"ನಾನು ಸುಳ್ಳು ಹೇಳ್ದೆನಲ್ಲ."

"ಸುಳ್ಳು ಹೇಳೋ ಹಾಗೆ ಮಾಡಿದವನ ವಿಷಯ ನಿಮ್ಮಕ್ಕ ಹೇಳಿದ್ರು. ಅವನು ನನ್ನ ಕೈಗೆ ಸಿಕ್ರೆ..."

"ಸಿಕ್ರೆ?"

"ಮಾತ್ರೆ ಕೊಡಲ್ಲ. ನರಳ್ಲಿ."

ಅವಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಕಣ್ಣೊರೆಸಿಕೊಂಡು ಚೀಟಿಯನ್ನು ಕೌಂಟರಿನ ಮೇಲೆ ಬಿಡಿಸಿಟ್ಟಳು.

"ನೋಡು. ಇದು ಜೀವನ ಪೂರ್ತಿ ಇರಬಹುದು. ಒಂದು ದಿನ ನಾನು ನಿದ್ದೆ ಮಾಡದೆ ನಿನ್ನ ಅಂಗಡಿಗೆಲ್ಲ ಬಣ್ಣ ಬಳಿದುಬಿಡಬಹುದು. ಇನ್ನೊಂದು ದಿನ ಹಾಸಿಗೆಯಿಂದ ಏಳದೇ ಇರಬಹುದು. ಎರಡು ಮಾತ್ರೆ ಇದ್ರೂ ಬರಬಹುದು. ಗೊತ್ತಾ ನಿನಗೆ?"

"ಗೊತ್ತು. ಭಯಾನೂ ಇದೆ."

"ಭಯ ಇದ್ರೆ...?"

"ಏಣಿ ಹತ್ತುವಾಗಲೂ ಇತ್ತು."

ಅವಳು ತಿರುಗಿ ರಸ್ತೆಯಾಚೆ ನೋಡಿದಳು. ಎದುರಿನ ಗೋಡೆಯಲ್ಲಿ ನಡುಗುವ 'ಕನ್ನಡಿ'ಯ ಪಕ್ಕದ ಜಾಗ ಇನ್ನೂ ಖಾಲಿ ಇತ್ತು.

"ಮಾಲೀಕರು ಬೇರೆಯವರನ್ನ ಕರೆಸ್ಲಿಲ್ವಾ?"

"ಬಂದಿದ್ರು. ನಾನೇ ತಡೆದೆ. ತೊಟ್ಟಿಲು ಅವಳೇ ಬರೀಬೇಕು ಅಂದೆ. ಕೆಳಗೆ ಏಣಿ ಹಿಡ್ಕೊಳ್ಳೋನು ನಾನು."

ಅವಳ ಮುಖ ಕೆಂಪಾಯಿತು. ಚೀಟಿಯನ್ನು ಅವನ ಕಡೆ ತಳ್ಳಿದಳು.

"ಮೊದಲು ನನ್ನ ಔಷಧ ಕೊಡಿ ಗುಳಿಗೆ ಸಾಹೇಬ್ರೇ. ಗಿರಾಕಿ ಕಾಯ್ತಿದ್ದಾರೆ."

ಅವನು ಚೀಟಿ ಎತ್ತಿಕೊಂಡ. ದಿನಕ್ಕೆ ನೂರು ಜನರನ್ನು ಕೇಳುವ ಅದೇ ಪ್ರಶ್ನೆ. ಈ ಸಲ ತಲೆ ಎತ್ತಿ ಕೇಳಿದ.

"ಬೇರೆ ಯಾವ್ದಾದ್ರೂ ಮಾತ್ರೆ... ತಗೋತಿದ್ದೀರಾ?"

"ಇಲ್ಲ," ಅಂದಳು ಅವಳು, ಅವನ ಕಣ್ಣನ್ನೇ ನೋಡುತ್ತಾ. "ಈ ಎರಡೇ. ಇನ್ಮೇಲೆ ಏನೇ ಇದ್ರೂ ಮೊದ್ಲು ನಿನಗೇ ಹೇಳ್ತೀನಿ."

ಅವನು ಪೆನ್ನು ತೆಗೆದ. ಎರಡು ಪಟ್ಟಿಗಳ ಹಿಂಬದಿಯಲ್ಲೂ ಪುಟ್ಟದಾಗಿ ಏನೋ ಬರೆದು ಅವಳ ಅಂಗೈಯಲ್ಲಿಟ್ಟ.

ಒಂದೊಂದರ ಮೇಲೂ ಒಂದೊಂದು ಜೋಡಿ ಏಣಿ. ಏಣಿಯ ಈ ಬದಿಗೆ ಒಬ್ಬಳು, ಆ ಬದಿಗೆ ಒಬ್ಬ.

"ನಿನ್ನ ಚಿತ್ರಾನೂ ಗುಬ್ಬಿ ಕಾಲೇ," ಅಂದಳು.

"ಕಲಿಸ್ಕೊಡು ಹಾಗಾದ್ರೆ."

"ತುಂಬಾ ವರ್ಷ ಹಿಡಿಯುತ್ತೆ."

"ಹಿಡೀಲಿ ಬಿಡು," ಅಂದ ಅವನು.